ರೇಡಿಯೋ ವಾಹಿನಿಯ ಸಂಕೋಚನ: ಟೆಕ್ಸಾಸಿನ ಓದುಗರೊಬ್ಬರಿಗೆ ಉತ್ತರ



ಬಾಡಿಗೆ ಕಾರುಗಳ ಉದ್ಯಮವನ್ನು ನಡೆಸುತ್ತಿರುವ ತಾವು, 150 ಮೆಗಾಹರ್ಟ್ಸ್ ಪಟ್ಟಿಯ ರೇಡಿಯೋ ವಾಹಿನಿಗಳು 2013ರ ಜನವರಿ 1ರೊಳಗೆ 25ರಿಂದ 12.5 ಕಿಲೋಹರ್ಟ್ಸ್‌ಗೆ ಇಳಿಯಬೇಕಾಗಿತ್ತೆಂಬ ಅಮೆರಿಕದ ಫೆಡರಲ್ ಸಂಪರ್ಕ ಆಯೋಗದ ಆಜ್ಞೆಯನ್ನು ಕಂಡು, ಇರುವ ಉಪಕರಣಗಳನ್ನೆಲ್ಲ ತ್ಯಜಿಸಿ ಡಿಜಿಟಲ್ ರೇಡಿಯೋಗಳನ್ನೇ ಕೊಳ್ಳಬೇಕೇ ಎಂದು ಕೇಳಿರುವಿರಿ. ಬೇಕಿಲ್ಲ. ಆಯೋಗವು ವಿಧಿಸಿರುವುದು ವಾಹಿನಿಯ ಮಿತಿಯನ್ನೇ ಹೊರತು ಡಿಜಿಟಲ್ ಪದ್ಧತಿಯನ್ನಲ್ಲ. ಮಾರಾಟಗಾರರ ಅವಸರಕ್ಕೆ ದಯವಿಟ್ಟು ಮಣಿಯದಿರಿ. 1997ರ ಫೆಬ್ರವರಿಯ ತರುವಾಯ ಪ್ರಮಾಣೀಕೃತವಾದ ಮಾದರಿಗಳನ್ನು ಸಾಮಾನ್ಯವಾಗಿ ಪ್ರೋಗ್ರಾಮಿಂಗ್ ಮಾತ್ರದಿಂದಲೇ ಕಿರಿದಾದ ವಾಹಿನಿಗೆ ಹೊಂದಿಸಬಹುದು. ಅದಕ್ಕೂ ಹಳೆಯವು ಬಹುಶಃ ಬದಲಾಗಲೇಬೇಕು.

ಆದರೆ ಒಂದು ವಿಷಯದಲ್ಲಿ ಉದಾಸೀನ ಸಲ್ಲದು. ಅರ್ಧ ಕಾರುಗಳ ರೇಡಿಯೋಗಳನ್ನು ಇಂದು, ಉಳಿದವನ್ನು ಮುಂದಿನ ತಿಂಗಳು ಬದಲಿಸಿದಲ್ಲಿ, ಹಳೆಯ ರೇಡಿಯೋದಲ್ಲಿ ಹೊಸದರ ಧ್ವನಿಯು ಕ್ಷೀಣವಾಗಿಯೂ, ಹೊಸ ರೇಡಿಯೋದಲ್ಲಿ ಹಳೆಯದರ ಧ್ವನಿಯು ವಿಕೃತವಾಗಿಯೂ ಕೇಳಿಬರುವುದರಿಂದ, ಅಪಾಯದಲ್ಲಿರುವ ಚಾಲಕನ ಕರೆ ಯಾರಿಗೂ ಅರ್ಥವಾಗದೆ ಹೋದೀತು. ಆದುದರಿಂದ ಕಚೇರಿಯ ಕೇಂದ್ರ ಉಪಕರಣ, ರಿಪೀಟರ್ ಹಾಗೂ ಸಮಸ್ತ ವಾಹನಗಳನ್ನು ಒಂದೇ ದಿನ ಪರಿವರ್ತಿಸಿರಿ. ವ್ಯಾಪ್ತಿಯೂ ಕೊಂಚ ಕುಗ್ಗುವುದು ಸಹಜವಾದ್ದರಿಂದ, ಊರಂಚಿನ ದುರ್ಬಲ ಸ್ಥಳಗಳಲ್ಲಿ ತಾವೇ ನಿಂತು ಪರೀಕ್ಷಿಸುವುದು ಲೇಸು.

ಉಪಕರಣ ಬದಲಾದರೆ ಸಾಲದು, ಪರವಾನಗಿಯೂ ಬದಲಾಗಬೇಕು: ಅದರಲ್ಲಿನ 20ಕೆ0ಎಫ್3ಇ ಎಂಬ ಪ್ರಸರಣ ಸಂಕೇತದ ಸ್ಥಾನದಲ್ಲಿ 11ಕೆ2ಎಫ್3ಇ ಎಂದು ತಿದ್ದುಪಡಿ ಕೋರಿ, 601ನೆಯ ನಮೂನೆಯ ಅರ್ಜಿಯನ್ನು ಆಯೋಗಕ್ಕೆ ಇಂದೇ ಸಲ್ಲಿಸಿರಿ.