ಎರಡು ಡೋಸಿನ ನಡುವೆ

ಕೀಮೋ ಎಂದರೆ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮಲಗುವುದು ಎಂದುಕೊಂಡವರೇ ಹೆಚ್ಚು. ನನಗೆ ಅದು ಹೆಚ್ಚೆಂದರೆ ಒಂದು ದಿನದ ಕೆಲಸ. ಸ್ತನ ಕ್ಯಾನ್ಸರಿಗೆ ನನಗೆ ಬರೆದುಕೊಟ್ಟ ಔಷಧ 21 ದಿನಕ್ಕೊಮ್ಮೆ ಕೊಡುವಂಥದ್ದು. ಉಳಿದ 20 ದಿನ ರೋಗಿ ತನ್ನ ಮನೆಯಲ್ಲೇ ಇರುತ್ತಾಳೆ. ಬಾಯಿ ಹುಣ್ಣಾಗುವುದು, ಕೂದಲು ಉದುರುವುದು, ಜ್ವರ ಏರುವುದು, ನಡುರಾತ್ರಿ ಎಚ್ಚರವಾಗಿ ಈ ಚಿಕಿತ್ಸೆಯೇ ಸಾಕು ಅನ್ನಿಸುವುದು, ಎಲ್ಲವೂ ವೈದ್ಯರು ಎದುರಿಗಿಲ್ಲದ ಆ ದಿನಗಳಲ್ಲೇ. ನಾನು ಆ ದಿನಗಳನ್ನು ದಾಟಿದ್ದು ನನ್ನಂತೆಯೇ ಚಿಕಿತ್ಸೆಯಲ್ಲಿದ್ದ ಹೆಣ್ಣುಮಕ್ಕಳ ಒಂದು ವಾಟ್ಸಾಪ್ ಗುಂಪಿನ ಜೊತೆಗೆ. ಅವರಲ್ಲಿ ಬಹಳ ಮಂದಿಯನ್ನು ಇಂದಿಗೂ ಕಣ್ಣಾರೆ ಕಂಡಿಲ್ಲ, ದನಿಯಿಂದ ಮಾತ್ರ ಗುರುತು.

ನಮ್ಮದು ಸುಳ್ಳ, ಹುಬ್ಬಳ್ಳಿ ತಾಲ್ಲೂಕಿನ ಊರು. ಎರೆಭೂಮಿ, ಹತ್ತಿ, ಹೆಸರು, ಕಡಲೆ ನಂಬಿದ ಮಂದಿ. ನಾನು ಅಂಗನವಾಡಿ ಕಾರ್ಯಕರ್ತೆ. ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದು 2023ರಲ್ಲಿ, ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ ವರ್ಷ. ಹೊಲದಲ್ಲಿ ಹೆಸರು ಒಣಗಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಆದರೂ ನಾನು ತಡಮಾಡಲಿಲ್ಲ. ನಮ್ಮೂರ ಆಶಾ ಕಾರ್ಯಕರ್ತೆ ಮೂವತ್ತು ದಾಟಿದ ಹೆಣ್ಣುಮಕ್ಕಳ ಮನೆಮನೆಗೆ ಹೋಗಿ ಬಾಯಿ, ಎದೆ, ಗರ್ಭಕೊರಳು ತೋರಿಸಿಕೊಳ್ಳಿ ಎಂದು ಹೇಳುವಾಗ ಎಷ್ಟೋ ಸಲ ನಾನೂ ಜೊತೆಗಿದ್ದವಳು. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಎಂಬುದು ಕಿವಿಯಲ್ಲಿ ಕೂತಿತ್ತು. ಮ್ಯಾಮೊಗ್ರಾಮ್, ಬಯಾಪ್ಸಿ, ಆಪರೇಶನ್ ಒಂದರ ಹಿಂದೊಂದು ಆದವು. ನಮ್ಮ ಹಿರಿಯರ ಕಾಲದಲ್ಲಿ ಈ ರೋಗಕ್ಕೆ ಮುಂಬಯಿಯ ಟಾಟಾ, ಇಲ್ಲವೆ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಎನ್ನುತ್ತಿದ್ದರು. ಈಗ ನವನಗರದಲ್ಲಿ ಡಾ. ಆರ್.ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಸಂಸ್ಥೆ ಇದೆ, ಹುಬ್ಬಳ್ಳಿ-ಧಾರವಾಡದಲ್ಲಿ ಬೇರೆ ದವಾಖಾನೆಗಳೂ ಇವೆ. ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಇಷ್ಟು ಹತ್ತಿರ ಸಿಗುವುದು ಸಣ್ಣ ಮಾತಲ್ಲ.

ಗುಂಪಿಗೆ ನನ್ನನ್ನು ಸೇರಿಸಿದವರು ಧಾರವಾಡದ ಒಬ್ಬ ನಿವೃತ್ತ ನರ್ಸ್. ತಾವೂ ಇದೇ ರೋಗ ದಾಟಿ ಬಂದವರು, ನಾವೆಲ್ಲ ಸಿಸ್ಟರ್ ಅಕ್ಕ ಅನ್ನುತ್ತೇವೆ. ರಕ್ತ ಪರೀಕ್ಷೆಯ ಸಾಲಿನಲ್ಲಿ ಪಕ್ಕಕ್ಕೆ ಕೂತಿದ್ದವರು ನನ್ನ ನಂಬರ್ ಬರೆದುಕೊಂಡರು. ಕುಂದಗೋಳ, ನವಲಗುಂದ, ಗದಗ, ಹಾವೇರಿ, ಶಿರಸಿ, ಪುಣೆಯಲ್ಲಿ ನೆಲೆಸಿದ ಇಬ್ಬರು ವಿಜಯಪುರದವರು, ಹೀಗೆ ಕಡೆಕಡೆಯಿಂದ ಸೇರಿದವರು. ಅಕ್ಷರ ಬಾರದವರೂ ಇದ್ದರು. ಹಾಗಾಗಿ ಗುಂಪು ನಡೆದದ್ದು ಬರವಣಿಗೆಯಲ್ಲಲ್ಲ, ಆಡಿ ಕಳಿಸುವ ದನಿಯಲ್ಲಿ. ಒಬ್ಬಾಕೆ ಕಟ್ಟೆಯ ಮೇಲೆ ಕೂತು, ಒಬ್ಬಾಕೆ ಎಮ್ಮೆ ಕಟ್ಟುತ್ತ ತನ್ನ ತನ್ನ ಮಾತಿನಲ್ಲೇ ಕೇಳುತ್ತಿದ್ದರು. ನನ್ನ ಮಟ್ಟಿಗೆ ಈ ಗುಂಪಿನ ದೊಡ್ಡ ಗುಣ ಅದೇ. ದವಾಖಾನೆಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ, ಹೆದರಿಕೆ ಮಾತ್ರ ನಮ್ಮ ಮಾತಿನಲ್ಲಿತ್ತು.

ಊರಲ್ಲಿ ರೋಗದ ಹೆಸರು ಹೇಳುವ ಹಾಗಿರಲಿಲ್ಲ. ಅತ್ತೆಯವರು ಮೊದಲ ದಿನವೇ ಹೇಳಿದರು: “ಗಡ್ಡಿ ತಗಸ್ಯಾರ ಅಂತ ಅಷ್ಟ ಅನ್ನು. ನಾಳೆ ಹುಡುಗಿ ಲಗ್ನ ಮಾಡಬೇಕು.” ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆಣ್ಣು ನೋಡಲು ಬರುವವರು ತಾಯಿಯ ಜಡ್ಡನ್ನೂ ವಿಚಾರಿಸುತ್ತಾರೆಂಬುದು ಅವರು ಕಂಡ ಜಗತ್ತು. ಸ್ತನ ಕ್ಯಾನ್ಸರಿನಲ್ಲಿ ವಂಶವಾಹಿಯಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ, ಉಳಿದದ್ದು ಹಾಗಲ್ಲ ಎಂದು ನಾನು ಅವರಿಗೆ ಹೇಳಲು ಸಾಧ್ಯವಾದದ್ದು ಗುಂಪಿನಲ್ಲಿ ಆ ಮಾತನ್ನು ಹತ್ತು ಸಲ ಕೇಳಿ ನನಗೇ ಧೈರ್ಯ ಬಂದ ಮೇಲೆ. ಓಣಿಯ ಒಂದು ಮನೆಯಲ್ಲಿ ನನಗೆಂದೇ ಬೇರೆ ಲೋಟ ಇಟ್ಟಿದ್ದರು. ಕ್ಯಾನ್ಸರ್ ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ ಹರಡುವುದಿಲ್ಲ. ಅದನ್ನು ಆ ಮನೆಯವರಿಗೆ ಹೇಳಿದವಳು ನಾನಲ್ಲ, ನನ್ನ ಮಗಳು. ಅವಳೂ ಕಲಿತದ್ದು ನನ್ನ ಫೋನಿನಲ್ಲಿ ಬರುತ್ತಿದ್ದ ದನಿಗಳಿಂದಲೇ.

ಕಲಿತದ್ದರಲ್ಲಿ ಹೆಚ್ಚಿನದು ಅಡುಗೆಮನೆಯದು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಹಸಿ ಮೆಂತ್ಯೆ ಸೊಪ್ಪು, ಗಜ್ಜರಿ ಪಚಡಿ ಇಲ್ಲದೆ ಊಟವೇ ಇಲ್ಲ. ಕೀಮೋ ಆದ ಮೇಲೆ ರಕ್ತದ ಬಿಳಿ ಕಣಗಳು ಇಳಿಯುತ್ತವೆ, ಸರಿಯಾಗಿ ತೊಳೆಯದ ಹಸಿ ಸೊಪ್ಪಿನ ಮಣ್ಣು ಸಾಕು ಸೋಂಕು ತರಲು. ದವಾಖಾನೆಯ ಪಟ್ಟಿಯಲ್ಲಿ ಹಸಿ ತರಕಾರಿ ಬೇಡ ಎಂದಿತ್ತು. ಅದರ ಬದಲಿಗೆ ಏನು ಉಣ್ಣಬೇಕೆಂದು ಹೇಳಿದವಳು ನವಲಗುಂದದಾಕೆ: ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಅದಕ್ಕೆ ಕಾಯಿಸಿದ ಹಾಲಿನಿಂದ ಮನೆಯಲ್ಲೇ ಹೆಪ್ಪು ಹಾಕಿದ ಮಜ್ಜಿಗೆ, ಖಾರಪುಡಿ ಮುಟ್ಟದೆ ತುಸು ಜೀರಿಗೆ. ಬಾಯಿ ಹುಣ್ಣಾದಾಗ ಖಡಕ್ ರೊಟ್ಟಿ ನೋಡಿದರೇ ಕಣ್ಣಲ್ಲಿ ನೀರು ಬರುತ್ತಿತ್ತು, ಆ ನುಚ್ಚು ಗಂಟಲಿಳಿಯಿತು. ಕುದಿಸಿ ಆರಿಸಿದ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸುವುದನ್ನು ನರ್ಸ್ ಹೇಳಿದ್ದರು. ಅದನ್ನು ದಿನಾ ನೆನಪಿಸಿ ಮಾಡಿಸಿದ್ದು ಗುಂಪು.

ಮೊದಲ ಸುತ್ತಿನ ಔಷಧಗಳಲ್ಲಿ ಒಂದು ಕೆಂಪಗಿರುತ್ತದೆ, ಡಾಕ್ಸೊರುಬಿಸಿನ್. ಅದನ್ನು ಕೊಡುವ ಮುಂಚೆ ಹೃದಯದ ಎಕೋ ಮಾಡಿಸುತ್ತಾರೆ. ಅದು ಹೋದ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ ಎಂದು ಯಾರೋ ಮೊದಲೇ ಹೇಳಿಟ್ಟಿದ್ದರಿಂದ ನಾನು ಹೆದರಲಿಲ್ಲ. ಎರಡನೆಯ ಸುತ್ತಿನ ಪ್ಯಾಕ್ಲಿಟ್ಯಾಕ್ಸೆಲ್ ಬೆರಳ ತುದಿಗಳನ್ನು ಮರಗಟ್ಟಿಸಿತು. ರೊಟ್ಟಿ ಬಡಿದು ಹಂಚಿಗೆ ಹಾಕುವಾಗ ಸುಟ್ಟದ್ದು ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಕಾಣುತ್ತದೆ. ಗುಂಪಿನಲ್ಲಿ ಹೇಳಿದಾಗ “ನಂದೂ ಹಂಗ ಆಗಿತ್ರಿ, ಡಾಕ್ಟ್ರಿಗೆ ಹೇಳ್ರಿ” ಅಂತ ನಾಲ್ಕು ಕಡೆಯಿಂದ ಬಂತು. ಹೇಳಿದೆ, ವೈದ್ಯರು ಗಮನಿಸಿ ಬರೆದುಕೊಂಡರು. ಇಂಥ ಸಣ್ಣ ಸಂಗತಿಯನ್ನು ಡಾಕ್ಟರ ಮುಂದೆ ಹೇಳಬೇಕೋ ಬೇಡವೋ ಎಂದು ನಮ್ಮಂಥವರು ಸಂಕೋಚ ಪಡುತ್ತೇವೆ. ಆ ಸಂಕೋಚವನ್ನು ಬಿಡಿಸಿದ್ದು ಗುಂಪಿನ ದೊಡ್ಡ ಕೆಲಸ.

ಅದರ ಬೆಲೆ ತಿಳಿದದ್ದು ಜ್ವರ ಬಂದ ರಾತ್ರಿ. ಡೋಸ್ ಆಗಿ ಹತ್ತು ದಿನದ ಆಸುಪಾಸು, ಬಿಳಿ ಕಣಗಳು ತೀರ ಕೆಳಗಿಳಿಯುವ ಹೊತ್ತು. ಮೈ ಕಾದಿತ್ತು. ಒಂದು ಗುಳಿಗೆ ನುಂಗಿ ಮಲಗಿದರಾಯಿತು, ಬೆಳಿಗ್ಗೆ ನೋಡೋಣ ಎಂದು ನಮ್ಮ ಮನೆಯವರು ಹೇಳಿದರು. ಗುಂಪಿಗೆ ಹಾಕಿದೆ. ಸಿಸ್ಟರ್ ಅಕ್ಕ ಎಚ್ಚರವಿದ್ದರು. “ಗುಳಿಗಿ ನುಂಗಿ ಮಲಗಬ್ಯಾಡವಾ. ಥರ್ಮಾಮೀಟರ್ ಎಷ್ಟ ತೋರಸ್ತೈತಿ?” 101 ಅಂದೆ. “ಈಗಿಂದೀಗ ಹೊಂಡು. ಅಲ್ಲಿ ಬಾಗಲದಾಗ ಮೊದಲ ಹೇಳೂ ಮಾತು, ನಂದು ಕೀಮೋ ನಡದೈತ್ರಿ ಅಂತ.” ಓಣಿಯ ಹುಡುಗನ ಟಂಟಂನಲ್ಲಿ ಹುಬ್ಬಳ್ಳಿಗೆ ಹೋದೆವು. ಕೀಮೋ ಎಂಬ ಮಾತು ಕಿವಿಗೆ ಬೀಳುತ್ತಲೇ ಸಾಲು ಬಿಡಿಸಿ ಒಳಗೆ ಒಯ್ದರು, ರಕ್ತ ತೆಗೆದು ನರದ ಮೂಲಕ ಆ್ಯಂಟಿಬಯೋಟಿಕ್ ಶುರುಮಾಡಿದರು. ಕೀಮೋದಲ್ಲಿರುವವರಿಗೆ 100.4 ಡಿಗ್ರಿ ದಾಟಿದ ಜ್ವರ ಬೆಳಗಿನ ತನಕ ಕಾಯುವ ಜ್ವರವಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಆ ಅಂಕಿ ಸೀಮೆಸುಣ್ಣದಲ್ಲಿ ಬರೆದದ್ದು ಇನ್ನೂ ಇದೆ.

ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಒಂದು ಅಧ್ಯಯನವನ್ನು ಸಿಸ್ಟರ್ ಅಕ್ಕನ ಮಗ ನಮಗೆ ವಿವರಿಸಿದ್ದ. ರೋಗ ಹರಡಿ ಕೀಮೋ ಪಡೆಯುತ್ತಿದ್ದ 766 ಜನರಲ್ಲಿ ಒಂದು ಪಾಲಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನ ಮೂಲಕ ಆಗಾಗ ತಿಳಿಸುತ್ತಿದ್ದರು, ಹೆಚ್ಚಾದರೆ ನರ್ಸಿಗೆ ಸುದ್ದಿ ಹೋಗುತ್ತಿತ್ತು. 2017ರಲ್ಲಿ ಹೊರಬಂದ ಫಲಿತಾಂಶದಲ್ಲಿ ಅವರ ಬದುಕಿನ ನಡುಮಟ್ಟ 31.2 ತಿಂಗಳು, ಹಾಗೆ ತಿಳಿಸದವರದು 26 ತಿಂಗಳು. ನಮ್ಮ ಗುಂಪು ದವಾಖಾನೆಯ ವ್ಯವಸ್ಥೆಯಲ್ಲ, ಅದಕ್ಕೆ ಆ ಗೌರವ ಕೊಡಲಾರೆ. ಆದರೆ ತೊಂದರೆಯನ್ನು ಹೊತ್ತಿಗೆ ಸರಿಯಾಗಿ ಬಾಯಿಬಿಟ್ಟು ಹೇಳುವುದೂ ಔಷಧದಷ್ಟೇ ಮುಖ್ಯ ಎಂದು ನಂಬಲು ನನಗೆ ಆ ಲೆಕ್ಕವೂ ನನ್ನ ಜ್ವರವೂ ಸಾಕು.

ಗುಂಪಿಗೆ ಕಟ್ಟುನಿಟ್ಟಿತ್ತು. ಯಾರೂ ಔಷಧದ ಪ್ರಮಾಣ ಹೇಳಕೂಡದು, ಯಾರೂ ತಮ್ಮ ರಿಪೋರ್ಟಿನ ಫೋಟೋ ಹಾಕಕೂಡದು, ಎಲ್ಲಿಂದಲೋ ಬಂದ ನಾಟಿ ಔಷಧದ ಸಂದೇಶ ದಾಟಿಸಕೂಡದು. ಲಕ್ಷ್ಮಣ ಫಲ ತಿಂದರೆ ಕೀಮೋ ಬೇಡ ಎಂಬ ಸಂದೇಶ ನಮ್ಮ ಕಡೆ ಎಲ್ಲರ ಫೋನಿಗೂ ಬಂದಿದೆ. ಮನುಷ್ಯರಲ್ಲಿ ಅದು ಕ್ಯಾನ್ಸರ್ ವಾಸಿಮಾಡಿದ್ದಕ್ಕೆ ಪುರಾವೆ ಇಲ್ಲ. ಆ ಹಣ್ಣನ್ನು ನಂಬಿ ಎರಡನೆಯ ಡೋಸಿಗೆ ಬರದೆ ಉಳಿದಿದ್ದವಳು ಕುಂದಗೋಳ ಕಡೆಯ ಒಬ್ಬಾಕೆ. ಅವಳ ನಿಜವಾದ ಅಡಚಣೆ ದುಡ್ಡು ಎಂಬುದು ಮಾತಾಡುತ್ತ ಹೋದಾಗ ತಿಳಿಯಿತು. ರೇಷನ್ ಕಾರ್ಡಿದ್ದ ಬಡ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ, ಅದಕ್ಕೆ ಸರ್ಕಾರಿ ದವಾಖಾನೆಯ ರೆಫರಲ್ ಪತ್ರ ಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಾವೇರಿಯವಳು ಕಾಗದಗಳ ಹೆಸರು ಒಂದೊಂದಾಗಿ ಹೇಳಿದಳು, ಹುಬ್ಬಳ್ಳಿಯವಳು ಜೊತೆಗೆ ಹೋದಳು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಿಂತೆ ಇರಲಿಲ್ಲ. ಆಕೆ ಚಿಕಿತ್ಸೆ ಮುಗಿಸಿದಳು. ಗುಂಪಿನಿಂದ ಗಂಟು ಕರಗುವುದಿಲ್ಲ. ಕರಗಿಸುವ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದಂತೆ ಅದು ತಡೆಯುತ್ತದೆ. ನಮ್ಮಂಥ ಕಡೆ ಎಷ್ಟೋ ಜೀವ ಹೋಗುವುದು ಆ ಅರ್ಧದಲ್ಲೇ.

ಗುಂಪು ಬಹಳ ಕದಡಿದ್ದು ಗದಗಿನ ಅಕ್ಕ ತೀರಿಕೊಂಡಾಗ. ಎಲ್ಲರಿಗೂ ಬೆಳಗಿನ ಶರಣು ಹೇಳುತ್ತಿದ್ದವರು ಅವರೇ. ಒಂದು ದಿನ ಅವರ ನಂಬರಿನಿಂದ ಮಗಳ ದನಿ ಬಂತು, ಅವ್ವ ಹ್ವಾದ್ಲು ಅಂತ. ಅದೇ ದಿನ ಕೆಲವರು ಗುಂಪು ಬಿಟ್ಟರು. ಮರುದಿನ ಡೋಸಿದ್ದವಳೊಬ್ಬಳು ಹೋಗುವುದಿಲ್ಲ ಎಂದು ಕೂತಳು. ಇನ್ನು ಮುಂದೆ ಸಾವಿನ ಸುದ್ದಿ ಹಾಕುವುದೇ ಬೇಡ ಎಂದು ಅರ್ಧ ಮಂದಿ. ಮುಚ್ಚಿಟ್ಟರೆ ಯಾರಾದರೂ ನಾಲ್ಕು ದಿನ ಸುಮ್ಮನಿದ್ದಾಗ ಸತ್ತರೋ ಏನೋ ಎಂದು ಹೆದರಬೇಕಾಗುತ್ತದೆ ಎಂದು ಉಳಿದವರು. ನಾನು ಎರಡನೆಯವರ ಕಡೆ. ಇಷ್ಟು ದಿನ ರೋಗದ ಹೆಸರು ಮುಚ್ಚಿಟ್ಟು ಕಷ್ಟ ಪಟ್ಟವರು ಸಾವನ್ನೂ ಮುಚ್ಚಿಡಲು ಹೊರಟರೆ ಆ ಗುಂಪಿಗೂ ನಮ್ಮ ಓಣಿಗೂ ಏನು ಅಂತರ? ಕೊನೆಗೆ ಸಿಸ್ಟರ್ ಅಕ್ಕ ಮಗಳ ಒಪ್ಪಿಗೆ ಕೇಳಿ ಉದ್ದವಾಗಿ ಮಾತಾಡಿದರು. ಗದಗಿನ ಅಕ್ಕನ ರೋಗ ಗೊತ್ತಾಗುವ ಹೊತ್ತಿಗೇ ಲಿವರ್ ತಲುಪಿತ್ತು. ಒಬ್ಬರದು ಹಾರ್ಮೋನ್ ಗುಳಿಗೆಗೆ ಬಗ್ಗುವ ಗಂಟು, ಇನ್ನೊಬ್ಬರದು ಅಲ್ಲ. ಹಂತ ಬೇರೆ, ಔಷಧ ಬೇರೆ. ಅವರ ಕೊನೆ ನಿಮ್ಮ ಕೊನೆಯಲ್ಲ, ಹಾಗೆಯೇ ನನ್ನ ಉಳಿವು ನಿಮ್ಮ ಉಳಿವಿನ ಖಾತ್ರಿಯೂ ಅಲ್ಲ ಎಂದರು. ರಿಪೋರ್ಟ್ ಹಾಕಬಾರದೆಂಬ ನಿಯಮ ಯಾಕಿತ್ತೆಂದು ನನಗೆ ಅಂದು ಪೂರ್ತಿ ಅರ್ಥವಾಯಿತು. ಕೂತವಳು ಡೋಸಿಗೆ ಹೋದಳು. ಬಿಟ್ಟುಹೋದವರಲ್ಲಿ ಕೆಲವರು ಮರಳಿ ಬಂದರು, ಎಲ್ಲರೂ ಬರಲಿಲ್ಲ. ಹಾಗೆ ಬರದೆ ಇರುವುದು ಅವರ ಹಕ್ಕು.

ಕರೆಂಟ್ ಚಿಕಿತ್ಸೆಯೂ (ರೇಡಿಯೇಶನ್) ಮುಗಿದು ನಾನು ಟ್ಯಾಮಾಕ್ಸಿಫೆನ್ ಗುಳಿಗೆಯ ಮೇಲಿದ್ದಾಗ, 2024ರ ಜುಲೈನಲ್ಲಿ, ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ನಟ ಶಿವರಾಜಕುಮಾರ್ ಅಮೆರಿಕದ ಮಯಾಮಿಯಲ್ಲಿ ಕ್ಯಾನ್ಸರಿಗೆ ಆಪರೇಶನ್ ಮಾಡಿಸಿಕೊಂಡರು. ಹೊಸ ವರ್ಷದ ದಿನ ಪತ್ನಿ ಗೀತಾ ಅವರ ಜೊತೆ ವಿಡಿಯೋದಲ್ಲಿ ಕೂತು, ಕೀಮೋ ತಗೊಳ್ಳುತ್ತಲೇ ಚಿತ್ರೀಕರಣ ಮಾಡಿದ್ದನ್ನು, ಹೆದರಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆ ವಿಡಿಯೋ ನೋಡಿ ಅತ್ತೆಯವರು “ಶಿವಣ್ಣಗೂ ನಿನ್ನ ಜಡ್ಡ ಬಂದಿತ್ತಂತಲ್ಲ” ಎಂದು ಓಣಿಯ ಹೆಂಗಸರ ಎದುರಿಗೇ ಅಂದರು. ನಮ್ಮ ಮನೆಯ ಕಟ್ಟೆಯ ಮೇಲೆ ಆ ರೋಗದ ಮಾತು ಗಟ್ಟಿಯಾಗಿ ಬಂದದ್ದು ಅಂದೇ. ಸ್ತನ ಕ್ಯಾನ್ಸರಿನ ತಮ್ಮ ಅನುಭವವನ್ನು ಭಾರತಿ ಬಿ.ವಿ. ಅವರು ‘ಸಾಸಿವೆ ತಂದವಳು’ ಪುಸ್ತಕದಲ್ಲಿ ಬರೆದಿದ್ದಾರೆ. ಶಿರಸಿಯ ಗೆಳತಿ ಹೇಳಿ ತರಿಸಿಕೊಂಡು ಓದಿದೆ. ಕನ್ನಡದಲ್ಲಿ ಇಂಥ ಪುಸ್ತಕ ಇನ್ನೂ ಹತ್ತು ಬರಬೇಕು.

ಗುಂಪು ಮಾಡಲಾಗದ್ದೂ ಇದೆ. ವಾಂತಿಯ ಬಕೀಟು ಹಿಡಿದವರು ನಮ್ಮ ಮನೆಯವರು. ನನ್ನ ಅಂಗನವಾಡಿಯ ಮಕ್ಕಳಿಗೆ ಅನ್ನ ಹಾಕಿದವಳು ಸಹಾಯಕಿ. ಆಪರೇಶನ್ ಆದ ಕಡೆಯ ತೋಳು ಬಾಯದಂತೆ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ದಿನಾ ಮಾಡಿಸಿದವಳು ಮಗಳು. ದೂರದ ದನಿ ಎಷ್ಟು ಹತ್ತಿರವಾದರೂ ಬಿಸಿನೀರು ಕಾಯಿಸಿ ಕೊಡಲಾರದು.

ಆದರೆ ಒಂದು ಮಾತು ಮನೆಮಂದಿಗೆ ಹೇಳಲೇಬೇಕು. ನವಲಗುಂದದ ಆ ಹೆಣ್ಣುಮಗಳಿಗೆ ಸ್ವಂತ ಫೋನಿರಲಿಲ್ಲ. ಮಗ ಹೊಲದಿಂದ ಬಂದ ಮೇಲೆ ಅವನ ಫೋನಿನಲ್ಲಿ, ಅವನ ಎದುರಿಗೇ ಮಾತಾಡಬೇಕು. ಎದೆಯ ಗಾಯದ ಬಗ್ಗೆ, ಕೀಮೋಗೆ ನಿಂತ ಮುಟ್ಟಿನ ಬಗ್ಗೆ, ಗಂಡನ ಬಗ್ಗೆ ಅವಳು ಒಂದು ಮಾತೂ ಕೇಳಲಾಗಲಿಲ್ಲ. ನುಚ್ಚಿನ ಮಾತಷ್ಟೇ ಆಡಿದಳು. ನಿಮ್ಮ ಮನೆಯಲ್ಲಿ ತಾಯಿ, ಹೆಂಡತಿ, ತಂಗಿ ಯಾರಾದರೂ ಚಿಕಿತ್ಸೆಯಲ್ಲಿದ್ದರೆ ಅವರ ಕೈಗೆ ಅವರದೇ ಒಂದು ಫೋನು ಕೊಡಿ, ಸಣ್ಣದಾದರೂ ಸರಿ. ದಿನಕ್ಕೆ ಅರ್ಧ ತಾಸು ಬಾಗಿಲು ಮುಂದೆ ಮಾಡಿ ಹೊರಗೆ ಬನ್ನಿ. ಯಾರ ಜೊತೆ, ಏನು ಮಾತಾಡಿದೆ ಎಂದು ಕೇಳಬೇಡಿ.