ದೀಪ ಹತ್ತುವ ಮೊದಲೇ ಅಲ್ಲಿರಬೇಕು

ಮೈಸೂರು ದಸರೆಯ ದೀಪಾಲಂಕಾರ ನೋಡಲು ಮನೆಮಂದಿಯೆಲ್ಲ ಹೊರಟಿದ್ದರೆ, ಹೊತ್ತು ಮುಳುಗುವ ಮೊದಲೇ ಅರಮನೆಯ ಎದುರಿಗೆ ಹೋಗಿ ಕೂತುಬಿಡಿ. ಬಹಳ ಜನ ಊಟ ಮುಗಿಸಿ ನಿಧಾನಕ್ಕೆ ಬರುತ್ತಾರೆ. ಅಷ್ಟೊತ್ತಿಗೆ ಬೀದಿಗಳೆಲ್ಲ ಝಗಮಗಿಸುತ್ತಿರುತ್ತವೆ, ಕಾಲಿಡಲು ಜಾಗವಿರುವುದಿಲ್ಲ. ಕತ್ತಲು ಇಳಿಯುತ್ತಿರುವಾಗಲೇ ಅರಮನೆಯ ಕಮಾನು, ಗೋಪುರ, ಕಳಸಗಳ ಗೆರೆಗೆರೆಯೂ ಒಮ್ಮೆಲೇ ಹೊತ್ತಿಕೊಳ್ಳುತ್ತದಲ್ಲ, ಅದು ಮಾತ್ರ ಅವರಿಗೆ ಸಿಕ್ಕುವುದಿಲ್ಲ. ಲಕ್ಷದ ಹತ್ತಿರ ಬಲ್ಬುಗಳು! ಹತ್ತಿದಾಗ ಸುತ್ತಲಿನ ಜನವೆಲ್ಲ ಒಂದೇ ದನಿಯಲ್ಲಿ ಕೂಗಿತು. ನಮ್ಮ ಅವ್ವ ಎರಡೂ ಕೈ ಎತ್ತಿ ಮುಗಿದಳು.

ಸಂಗನಕಲ್ಲಿನಿಂದ ನಾವು ಬಳ್ಳಾರಿಗೆ ಬಂದು ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದ ಮಕ್ಕಳನ್ನು, ಮುದುಕರನ್ನು ಅಂದೇ ಮಧ್ಯಾಹ್ನ ಊರು ಸುತ್ತಿಸಬಾರದು. ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ ಮಲಗಿಸಿದ್ದರಿಂದಲೇ ರಾತ್ರಿ ಮಗಳು ರಚ್ಚೆ ಹಿಡಿಯಲಿಲ್ಲ.

ಎಲ್ಲ ಬೀದಿಗಳನ್ನೂ ನೋಡಿಬಿಡಬೇಕೆಂಬ ಆಸೆ ಬೇಡ. ನಾವು ಆರಿಸಿಕೊಂಡದ್ದು ಸಯ್ಯಾಜಿರಾವ್ ರಸ್ತೆ ಒಂದನ್ನೇ. ಕೆ.ಆರ್. ವೃತ್ತದಿಂದ ಶುರು ಮಾಡಿ, ಅವ್ವನ ಮೊಣಕಾಲು ಎಷ್ಟು ಹೇಳುತ್ತದೋ ಅಷ್ಟು ದೂರ. ಅವಳು ಕೂತಲ್ಲೆಲ್ಲ ನಾವೂ ಕೂತೆವು. ಹಾಗೆ ಕೂತಾಗಲೇ ಕಣ್ಣಿಗೆ ಏನಾದರೂ ಸಿಕ್ಕುವುದು. ತಲೆಯ ಮೇಲಿನ ದೀಪದ ಚಪ್ಪರ ಬಣ್ಣ ಬದಲಿಸಿದಂತೆಲ್ಲ ಎದುರಿಗೆ ಬರುವವರ ಮುಖವೂ ಬದಲಾಗುತ್ತದೆಂದು ತೋರಿಸಿದ್ದು ಮಗಳು. ನಡೆಯಲಾಗದವರಿಗೆ ಟಾಂಗಾ ಇದೆ, ಪ್ರವಾಸೋದ್ಯಮ ನಿಗಮದ ಅಂಬಾರಿ ಡಬಲ್ ಡೆಕ್ಕರ್ ಬಸ್ಸಿದೆ. ಇಷ್ಟು ಮಾತ್ರ ಮರೆಯಬೇಡಿ: ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ, ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮೊದಲೇ ಮಾತಾಗಿರಲಿ. ಆ ಗದ್ದಲದಲ್ಲಿ ಫೋನ್ ಹತ್ತುವುದೇ ಕಷ್ಟ.

ಕೂತಲ್ಲಿ ಅವ್ವ ಕೇಳಿದಳು, ‘ಈ ದಸರಾ ನಮ್ಮ ಹಂಪಿದಲ್ಲೇನೋ?’ ಹೌದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಿಸ್, ಮಹಾನವಮಿಯ ರಾತ್ರಿ ಪಂಜುಗಳ ಬೆಳಕಿನಲ್ಲಿ ಅಂಗಳವೆಲ್ಲ ಹಗಲಿನಂತಿತ್ತೆಂದು ಬರೆದಿಟ್ಟಿದ್ದಾನೆ. ಆ ಹಬ್ಬವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಇನ್ನು ಈ ದೀಪಗಳ ಮಾತು: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹರಿಯಿತು, ಮೈಸೂರಿನ ಬೀದಿಗಳ ಸರದಿ ಆಮೇಲೆ. ನಮ್ಮ ಬಳ್ಳಾರಿಯಂತೂ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹಂಪಿಯಲ್ಲಿ ಬೆಳೆದ ಹಬ್ಬ ನಮ್ಮ ಹಿರಿಯರ ಪಾಲಿಗೆ ಇನ್ನೊಂದು ರಾಜ್ಯದ್ದಾಗಿತ್ತು. ಅವ್ವ ಕೈ ಮುಗಿದದ್ದು ಯಾಕೆಂದು ನನಗೆ ಆಗ ಹೊಳೆಯಿತು.

‘ಅದಕ್ಕೂ ಮುಂಚೆ?’ ಎಂದಳು ಮಗಳು. ಅದಕ್ಕೆ ಉತ್ತರ ನಮ್ಮೂರ ಬಳಿಯೇ ಇದೆ. ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳ ಆಸುಪಾಸಿನಲ್ಲಿ ಬೂದಿದಿಬ್ಬಗಳಿವೆ. ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿದ ಸಗಣಿಗೆ ಬೆಂಕಿ ಬಿದ್ದು ಆದ ದಿಬ್ಬಗಳು ಅವು. ಋತುವಿನ ಹಬ್ಬಗಳಲ್ಲಿ ಬೇಕೆಂದೇ ಹೊತ್ತಿಸಿರಬಹುದು ಎಂದವರು 1963ರಲ್ಲಿ ಈ ಬಗ್ಗೆ ಪುಸ್ತಕ ಬರೆದ ಎಫ್.ಆರ್. ಆಲ್ಚಿನ್. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಗೆ ಈಗಲೂ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಆಲ್ಚಿನ್ ಮಾತಿಗೆ ಅದು ಬಲ ಕೊಡುತ್ತದೆಂದೇ ನನ್ನ ಎಣಿಕೆ. ಇಷ್ಟನ್ನು ಆ ಬೆಳಕಿನ ಕೆಳಗೆ ಕೂತು ಹೇಳಿದ್ದರಿಂದ ಮಗಳು ಕೇಳಿಸಿಕೊಂಡಳು. ಮನೆಯಲ್ಲಾದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದಳು.

ಜಂಬೂ ಸವಾರಿಯ ದಿನ ಹತ್ತಿರವಾದಷ್ಟೂ ಜನ ಹೆಚ್ಚು. ಚಿಕ್ಕ ಮಕ್ಕಳು, ಮುದುಕರು ಜೊತೆಗಿದ್ದರೆ ಹಬ್ಬದ ಮೊದಲ ದಿನಗಳಲ್ಲೇ ಹೋಗಿ. ದೀಪಗಳು ಅಷ್ಟೇ ಇರುತ್ತವೆ, ಕೂರಲು ಜಾಗ ಸಿಗುತ್ತದೆ. ಊರಿಗೆ ಬಂದ ಮೇಲೆ, ಬೂದಿದಿಬ್ಬ ತೋರಿಸೆಂದು ಮಗಳು ಬೆನ್ನು ಬಿದ್ದಿದ್ದಾಳೆ. ಈ ಭಾನುವಾರ ಅವ್ವನೂ ಬರುತ್ತಾಳಂತೆ.