ಈರುಳ್ಳಿಗೆ ಸುಂಕ ಬಿದ್ದಾಗ



ಈರುಳ್ಳಿ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಒಗ್ಗರಣೆಗೆ ಈರುಳ್ಳಿ ಬೇಕು. ಸಾರಿಗೆ ಈರುಳ್ಳಿ ಬೇಕು. ಏನೂ ಇಲ್ಲದ ದಿನ ಮುದ್ದೆಗೆ ಉಪ್ಪು, ಹಸಿಮೆಣಸಿನಕಾಯಿ, ಒಂದು ಈರುಳ್ಳಿ ಇದ್ದರೂ ಊಟ ನಡೆಯುತ್ತದೆ. ಇಂಥ ಈರುಳ್ಳಿಗೂ ದೇಶ ದೇಶಗಳ ವ್ಯವಹಾರಕ್ಕೂ ಏನು ಸಂಬಂಧ? ಈ ಪಾಠದಲ್ಲಿ ತಿಳಿಯೋಣ.

2023ರ ಆಗಸ್ಟ್ ತಿಂಗಳು. ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪೇಪರ್ ಓದುತ್ತಿದ್ದೆವು. ಒಬ್ಬ ಅಕ್ಕ ದಪ್ಪ ಅಕ್ಷರದ ಸಾಲನ್ನು ಕೂಡಿಸಿ ಕೂಡಿಸಿ ಓದಿದರು. ಈರುಳ್ಳಿ ರಫ್ತಿಗೆ ಶೇಕಡಾ 40 ಸುಂಕ ಎಂದು ಅದರಲ್ಲಿ ಇತ್ತು.

"ರಫ್ತು ಅಂದ್ರೆ ಏನು ಟೀಚರಮ್ಮಾ?" ಎಂದು ಅವರು ಕೇಳಿದರು.

ನಾವು ಬಾಯಿ ತೆರೆಯುವ ಮೊದಲೇ ಹಿಂದೆ ಕೂತಿದ್ದ ಇನ್ನೊಬ್ಬ ಅಕ್ಕ ಹೇಳಿದರು:

"ನಂಗೊತ್ತು. ರಫ್ತು ಅಂದ್ರೆ ಹೊರದೇಶಕ್ಕೆ ಕಳಿಸೋದು. 2020ರಲ್ಲಿ ಅದು ನಿಂತೋಯ್ತು. ವ್ಯಾಪಾರಿ ಬರಲೇ ಇಲ್ಲ. ಮಳೆಗೆ ನಮ್ಮ ಈರುಳ್ಳಿ ಹೊಲದಲ್ಲೇ ಕೊಳೀತು. ಕಿವಿಯೋಲೆ ಅಡ ಇಟ್ಟು ಬೀಜ, ಗೊಬ್ಬರ ತಂದಿದ್ದೆ. ಓಲೆ ಇನ್ನೂ ಬಿಡಿಸ್ಕೊಂಡಿಲ್ಲ."

ಎಲ್ಲರೂ ಸುಮ್ಮನಾದೆವು. ಆ ದಿನ ನಮ್ಮ ಪಾಠ ಸುಂಕದ ಬಗ್ಗೆಯೇ ನಡೆಯಿತು.

ಸುಂಕ ಎಂದರೆ ಏನು?

ಸಂತೆಯನ್ನು ನೆನೆಯಿರಿ. ನೀವು ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂರುತ್ತೀರಿ. ಸುಂಕದವನು ಬಂದು ಚೀಟಿ ಹರಿದು ಕೊಡುತ್ತಾನೆ. ದುಡ್ಡು ಕೇಳುತ್ತಾನೆ. ಇನ್ನೂ ಒಂದು ಕಟ್ಟೂ ಮಾರಿಲ್ಲ ಎಂದರೆ ಅವನು ಕೇಳುವುದಿಲ್ಲ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂದು ಗಾದೆಯೇ ಇದೆಯಲ್ಲ!

ಆ ದುಡ್ಡನ್ನು ನೀವು ಎಲ್ಲಿಂದ ತರುತ್ತೀರಿ? ಸೊಪ್ಪಿನ ಬೆಲೆ ಸ್ವಲ್ಪ ಏರಿಸುತ್ತೀರಿ. ಆಗ ಕೊಳ್ಳುವವರ ಗಂಟು ಹೋಯಿತು. ಬೆಲೆ ಏರಿಸಿದರೆ ಯಾರೂ ಕೊಳ್ಳುವುದಿಲ್ಲ ಎನ್ನಿಸಿದರೆ ನಿಮ್ಮ ಲಾಭದಲ್ಲೇ ಕೊಡುತ್ತೀರಿ. ಆಗ ನಿಮ್ಮ ಗಂಟು ಹೋಯಿತು. ಸುಂಕದ ಭಾರ ಬೀಳುವುದು ಈ ಇಬ್ಬರ ಮೇಲೆಯೇ.

ದೇಶದ ಗಡಿಯಲ್ಲೂ ಹೀಗೆಯೇ ಸುಂಕ ಇದೆ. ಹೊರಗಿನಿಂದ ಒಳಗೆ ಬರುವ ಮಾಲಿಗೆ ಹಾಕಿದರೆ ಅದು ಆಮದು ಸುಂಕ. ಇಲ್ಲಿಂದ ಹೊರಗೆ ಹೋಗುವ ಮಾಲಿಗೆ ಹಾಕಿದರೆ ಅದು ರಫ್ತು ಸುಂಕ.

ಒಂದು ಲೆಕ್ಕ ಮಾಡೋಣ. ಕಿಲೋಗೆ 20 ರೂಪಾಯಿ ಬೆಲೆಯ ಈರುಳ್ಳಿ ಇದೆ. ಅದಕ್ಕೆ ಶೇಕಡಾ 40 ಸುಂಕ ಎಂದರೆ 8 ರೂಪಾಯಿ. ಗಡಿ ದಾಟುವಾಗ ಅದರ ಬೆಲೆ 28 ರೂಪಾಯಿ ಆಯಿತು. ಲಾರಿ ಬಾಡಿಗೆ, ಹಮಾಲಿ ಬೇರೆ.

ಸುಂಕ ಏಕೆ ಹಾಕಿದರು?

2023ರ ಆಗಸ್ಟ್‌ನಲ್ಲಿ ದೇಶದಲ್ಲಿ ಮಳೆ ಬಹಳ ಕಡಿಮೆ ಆಯಿತು. ಈರುಳ್ಳಿ ಬೆಲೆ ಏರುತ್ತದೆ ಎಂಬ ಭಯ ಬಂತು. ಈರುಳ್ಳಿ ದೇಶದೊಳಗೇ ಉಳಿಯಲಿ, ಬೆಲೆ ತಗ್ಗಲಿ ಎಂದು ಕೇಂದ್ರ ಸರ್ಕಾರ ರಫ್ತು ಸುಂಕ ಹಾಕಿತು. 2023ರ ಡಿಸೆಂಬರ್ 8ರಂದು ರಫ್ತನ್ನೇ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು. ಆದರೆ ಶೇಕಡಾ 40 ಸುಂಕ ಇತ್ತು. ಸೆಪ್ಟೆಂಬರ್‌ನಲ್ಲಿ ಅದು ಶೇಕಡಾ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಂದು ಸುಂಕ ಪೂರ್ತಿ ತೆಗೆದರು.

ಪೇಟೆಯಲ್ಲಿ ಕೂಲಿ ಮಾಡಿ ಕೊಂಡು ತಿನ್ನುವ ಹೆಂಗಸಿಗೆ ಬೆಲೆ ಇಳಿದರೆ ಒಳ್ಳೆಯದು. ಬೆಳೆದ ಹೆಂಗಸಿಗೆ ಅದೇ ನಷ್ಟ. ಇಬ್ಬರೂ ನಮ್ಮವರೇ. ಆದ್ದರಿಂದ ಈ ಮಾತು ಅಷ್ಟು ಸುಲಭವಲ್ಲ.

ಪಕ್ಕದ ಮನೆ ಏನು ಮಾಡುತ್ತದೆ?

ನಿಮ್ಮ ಮನೆಯಲ್ಲಿ ಹಸು ಇದೆ ಎಂದುಕೊಳ್ಳಿ. ಪಕ್ಕದ ಮನೆಯವರು ದಿನಾ ನಿಮ್ಮಲ್ಲೇ ಹಾಲು ಕೊಳ್ಳುತ್ತಾರೆ. ಒಂದು ಬೆಳಿಗ್ಗೆ ನೀವು ಹೇಳದೆ ಕೇಳದೆ ಹಾಲು ನಿಲ್ಲಿಸಿದಿರಿ. ಆ ಮನೆಯಾಕೆ ಏನು ಮಾಡುತ್ತಾಳೆ? ಮೊದಲು ಬಂದು ಕೇಳುತ್ತಾಳೆ. ಆಮೇಲೆ ಬೇರೆ ಮನೆಯಲ್ಲಿ ಹಾಲು ಹುಡುಕುತ್ತಾಳೆ. ಕೈ ಕೂಡಿದರೆ ತಾನೇ ಹಸು ಕಟ್ಟುತ್ತಾಳೆ. ಮುಂದೆ ನಿಮಗೆ ಅವಳ ಹೊಲದ ಹುಲ್ಲು ಬೇಕಾದಾಗ ಅವಳೂ ಬಿಗಿ ಹಿಡಿಯುತ್ತಾಳೆ.

ದೇಶಗಳು ಮಾಡುವುದೂ ಇಷ್ಟೇ. ಬಾಂಗ್ಲಾದೇಶದ ಕತೆ ನೋಡಿ. ಅದು ನಮ್ಮ ಪೂರ್ವದ ನೆರೆದೇಶ. ಅಲ್ಲಿಯೂ ಈರುಳ್ಳಿ ಇಲ್ಲದೆ ಅಡುಗೆ ಇಲ್ಲ. ತಾವು ಬೆಳೆದದ್ದು ಸಾಲದೆ ಅವರು ನಮ್ಮಿಂದ ಬಹಳ ಈರುಳ್ಳಿ ಕೊಳ್ಳುತ್ತಿದ್ದರು.

ಮೊದಲನೆಯದು, ಕೇಳುವುದು. 2019ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ದೇಶ ದಿಢೀರನೆ ಈರುಳ್ಳಿ ರಫ್ತು ನಿಲ್ಲಿಸಿತು. ಆಗ ಬಾಂಗ್ಲಾದೇಶದ ಪ್ರಧಾನಿಯಾಗಿದ್ದವರು ಶೇಖ್ ಹಸೀನಾ. ಅಕ್ಟೋಬರ್‌ನಲ್ಲಿ ಅವರು ದೆಹಲಿಗೆ ಬಂದಿದ್ದರು. ಅಡುಗೆಗೆ ಈರುಳ್ಳಿ ಹಾಕಬೇಡ ಎಂದು ಅಡುಗೆಯವನಿಗೆ ಹೇಳಿದ್ದೇನೆ ಎಂದು ಸಭೆಯಲ್ಲಿ ನಗುತ್ತಲೇ ಹೇಳಿದರು. ಮುಂದೆ ನಿಲ್ಲಿಸುವ ಮೊದಲು ನಮಗೆ ತಿಳಿಸಿ ಎಂದೂ ಕೇಳಿದರು. ನಗುತ್ತಾ ಹೇಳಿದರೂ ಅದು ದೂರೇ.

ಎರಡನೆಯದು, ಬೇರೆ ಅಂಗಡಿ ಹುಡುಕುವುದು. ಆ ವರ್ಷ ನವೆಂಬರ್‌ನಲ್ಲಿ ಢಾಕಾ ಪೇಟೆಯಲ್ಲಿ ಈರುಳ್ಳಿ ಕಿಲೋಗೆ 200 ಟಾಕಾ ದಾಟಿತು. ಟಾಕಾ ಅಲ್ಲಿನ ನಾಣ್ಯ. ಸರ್ಕಾರದ ಲಾರಿಗಳು ಬೀದಿಯಲ್ಲಿ ನಿಂತು 45 ಟಾಕಾಗೆ ಮಾರಿದವು. ಜನ ಉದ್ದನೆ ಸಾಲು ನಿಂತರು. ಮ್ಯಾನ್ಮಾರ್, ಈಜಿಪ್ಟ್, ಟರ್ಕಿ, ಚೀನಾ, ಪಾಕಿಸ್ತಾನಗಳಿಂದ ಈರುಳ್ಳಿ ತರಿಸಿದರು. ಸ್ವಲ್ಪ ಈರುಳ್ಳಿ ವಿಮಾನದಲ್ಲೂ ಬಂತು!

ಮೂರನೆಯದು, ತಾನೇ ಬೆಳೆಯುವುದು. ಬಾಂಗ್ಲಾದೇಶ ತನ್ನ ರೈತರಿಗೆ ಈರುಳ್ಳಿ ಬೆಳೆಯಲು ಉತ್ತೇಜನ ಕೊಟ್ಟಿತು. ಚಳಿಗಾಲದ ಬೆಳೆಯ ಜೊತೆಗೆ ಬೇಸಿಗೆ ಈರುಳ್ಳಿ ಬೆಳೆಯಲೂ ಬೀಜ ಹಂಚಿತು.

ನಾಲ್ಕನೆಯದು, ತಾನೂ ಸುಂಕ ಹಾಕುವುದು, ಬಾಗಿಲು ಹಾಕುವುದು. ತನ್ನ ರೈತರ ಬೆಳೆ ಪೇಟೆಗೆ ಬರುವಾಗ ನಮ್ಮ ಈರುಳ್ಳಿ ಬಂದರೆ ಅವರಿಗೆ ಬೆಲೆ ಸಿಗುವುದಿಲ್ಲ. ಅದಕ್ಕಾಗಿ 2021ರಲ್ಲಿ ಅದು ಈರುಳ್ಳಿಗೆ ಆಮದು ಸುಂಕ ಹಾಕಿತು. 2023ರ ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಆಮದಿಗೆ ಅನುಮತಿ ಕೊಡುವುದನ್ನೇ ನಿಲ್ಲಿಸಿತು. 2024ರಲ್ಲಿ ಅಲ್ಲಿ ಬೆಲೆ ಏರಿದಾಗ ಸುಂಕ ತೆಗೆಯಿತು. ನಮ್ಮ ಸರ್ಕಾರ ತನ್ನ ಜನಕ್ಕಾಗಿ ಯೋಚಿಸಿದ ಹಾಗೆ ಅವರ ಸರ್ಕಾರ ಅವರ ಜನಕ್ಕಾಗಿ ಯೋಚಿಸಿತು.

ಈಗ ನೀವೇ ಹೇಳಿ. ನಾವು ಸುಂಕ ತೆಗೆದ ದಿನವೇ ಹಳೇ ಗಿರಾಕಿ ಓಡಿ ಬರುತ್ತಾರೆಯೇ? ಬೇರೆ ಅಂಗಡಿ ಅಭ್ಯಾಸವಾದವರು, ಮನೆಯಲ್ಲೇ ಹಸು ಕಟ್ಟಿದವರು ಬೇಗ ತಿರುಗಿ ಬರುವುದಿಲ್ಲ.

ನಮ್ಮ ಗುಲಾಬಿ ಈರುಳ್ಳಿ

ಹಿಂದೆ ಕೂತಿದ್ದ ಅಕ್ಕ ಬೆಳೆದದ್ದು ಬೆಂಗಳೂರು ರೋಸ್ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಬೆಳೆ ಇದು. ಸಣ್ಣ ಗೆಡ್ಡೆ, ಕಡುಗೆಂಪು ಬಣ್ಣ, ಘಾಟು ಜಾಸ್ತಿ. ನಮ್ಮ ಮನೆಗಳಲ್ಲಿ ಇದನ್ನು ಬಳಸುವುದು ಕಡಿಮೆ. ಬೆಳೆದದ್ದು ಹೆಚ್ಚಾಗಿ ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾ ಮುಂತಾದ ದೇಶಗಳಿಗೆ ಹೋಗುತ್ತದೆ. 2015ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಇದು ಈ ಸೀಮೆಯದೇ ಬೆಳೆ ಎಂಬ ಸರ್ಕಾರಿ ಮುದ್ರೆ.

ಇದನ್ನು ಇಲ್ಲೇ ಹಿಡಿದಿಟ್ಟರೆ ನಮ್ಮ ಪೇಟೆಯ ಬೆಲೆ ಇಳಿಯುತ್ತದೆಯೇ? ಇಲ್ಲಿ ತಿನ್ನುವವರೇ ಕಡಿಮೆ. ಆದರೂ 2020ರ ಸೆಪ್ಟೆಂಬರ್ 14ರಂದು ಈರುಳ್ಳಿ ರಫ್ತು ನಿಂತಾಗ ಇದೂ ನಿಂತಿತು. ರೈತರು ಕೂಗೆಬ್ಬಿಸಿದರು. ಅಕ್ಟೋಬರ್‌ನಲ್ಲಿ ಚೆನ್ನೈ ಬಂದರಿನಿಂದ 10,000 ಟನ್ ಕಳಿಸಲು ಅನುಮತಿ ಬಂತು. ಅಷ್ಟರಲ್ಲಿ ಅಕ್ಕನ ಬೆಳೆ ಕೊಳೆತು ಹೋಗಿತ್ತು.

2023ರಲ್ಲೂ ಮೊದಲು ಸುಂಕ ಎಲ್ಲ ಈರುಳ್ಳಿಗೂ ಬಿತ್ತು. ಮತ್ತೆ ಕೇಳಿಕೊಂಡ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬಿ ಈರುಳ್ಳಿಗೆ ಮಾತ್ರ ಸುಂಕ ಬಿಟ್ಟರು. ಆದರೆ ಒಂದು ಷರತ್ತು. ಇದು ಗುಲಾಬಿ ಈರುಳ್ಳಿಯೇ, ಇಷ್ಟೇ ತೂಕ ಎಂದು ರಾಜ್ಯದ ತೋಟಗಾರಿಕೆ ಕಮಿಷನರ್ ಪತ್ರ ಕೊಡಬೇಕು.

ಕೈಗೆ ಕೈ, ಬಾಗಿಲಿಗೆ ಬಾಗಿಲು

ಜಗಳ ಸುಂಕದಲ್ಲೇ ನಿಲ್ಲುವುದಿಲ್ಲ. ದಾರಿ ಮುಚ್ಚುವುದೂ ಇದೆ.

2025ರ ಏಪ್ರಿಲ್‌ನಲ್ಲಿ ನಮ್ಮ ದೇಶ ಒಂದು ಸೌಕರ್ಯ ಹಿಂದಕ್ಕೆ ಪಡೆಯಿತು. ಬಾಂಗ್ಲಾದೇಶದ ಮಾಲು ನಮ್ಮ ಬಂದರು, ವಿಮಾನ ನಿಲ್ದಾಣಗಳ ಮೂಲಕ ಬೇರೆ ದೇಶಕ್ಕೆ ಹೋಗುತ್ತಿತ್ತು. ಅಲ್ಲಿ ದಟ್ಟಣೆ ಹೆಚ್ಚಾಗಿದೆ ಎಂದು ಅದನ್ನು ನಿಲ್ಲಿಸಿದರು. ಅದೇ ತಿಂಗಳು ಬಾಂಗ್ಲಾದೇಶವು ನಮ್ಮ ನೂಲು ನೆಲದ ಗಡಿಯಿಂದ ಬರುವುದನ್ನು ನಿಲ್ಲಿಸಿತು. ತಮ್ಮ ನೂಲಿನ ಗಿರಣಿಗಳಿಗೆ ಪೆಟ್ಟು ಬೀಳುತ್ತಿದೆ ಎಂಬುದು ಅವರ ಮಾತು. ಮೇ 17ರಂದು ನಮ್ಮ ದೇಶ, ಅವರ ಸಿದ್ಧ ಉಡುಪು ನೆಲದ ಗಡಿಯಿಂದ ಬರಬಾರದು, ಎರಡು ಬಂದರುಗಳಿಂದ ಮಾತ್ರ ಬರಬೇಕು ಎಂದಿತು.

ಆ ಉಡುಪು ಹೊಲಿಯುವವರು ಯಾರು? ಅಲ್ಲಿನ ಗಾರ್ಮೆಂಟ್ಸ್‌ನಲ್ಲೂ ಹೆಚ್ಚಿನವರು ಹೆಂಗಸರು, ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನ ಹಾಗೆಯೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಇಲ್ಲಿ ಬಡವಾಗುವ ಕೂಸು ದುಡಿಯುವವರು.

ಹಳೆಯದೊಂದು ಉದಾಹರಣೆ ನೇಪಾಳದ್ದು. ನೇಪಾಳಕ್ಕೆ ಸಮುದ್ರವೇ ಇಲ್ಲ. ಹೆಚ್ಚಿನ ಮಾಲು ನಮ್ಮ ದೇಶದ ಮೇಲೆಯೇ ಹೋಗಬೇಕು. 1989ರ ಮಾರ್ಚ್‌ನಲ್ಲಿ ಎರಡೂ ದೇಶಗಳ ವ್ಯಾಪಾರ ಒಪ್ಪಂದ ಮುಗಿಯಿತು. ಹೊಸದು ಆಗಲಿಲ್ಲ. ಗಡಿಯ ದಾರಿಗಳಲ್ಲಿ ಎರಡನ್ನು ಬಿಟ್ಟು ಉಳಿದವನ್ನು ಮುಚ್ಚಿದರು. ನೇಪಾಳದಲ್ಲಿ ಸೀಮೆಎಣ್ಣೆ ಸಿಗದಾಯಿತು. ಜನ ಸೌದೆಗೆ ಕಾಡು ಕಡಿದರು. 1990ರಲ್ಲಿ ಮಾತುಕತೆ ಆದ ಮೇಲೆ ದಾರಿ ತೆರೆಯಿತು. ಒಲೆಯ ಮುಂದೆ ಕೂತ ಹೆಂಗಸಿಗೆ ಆ ಒಂದು ವರ್ಷ ಹೇಗೆ ಕಳೆದಿರಬೇಕು, ಯೋಚಿಸಿ.

ಹಾಗಾದರೆ ಸುಂಕವೇ ಬೇಡವೇ?

ಹಾಗಲ್ಲ. ಅಡಿಕೆ ಬೆಳೆಯುವ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದವರನ್ನು ಕೇಳಿ. ಹೊರಗಿನ ಅಗ್ಗದ ಅಡಿಕೆ ಬಂದರೆ ಅವರ ಬೆಲೆ ಬೀಳುತ್ತದೆ. ಅದಕ್ಕೆ ಆಮದು ಅಡಿಕೆಗೆ ಶೇಕಡಾ 100 ಸುಂಕ ಇದೆ. 2023ರ ಫೆಬ್ರವರಿಯಲ್ಲಿ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ತರಬಾರದು ಎಂದೂ ಸರ್ಕಾರ ಹೇಳಿತು. ಮೊದಲು ಅದು 251 ರೂಪಾಯಿ ಇತ್ತು. ಈ ಬೇಲಿ ಬೇಕು ಎಂದು ಬೆಳೆಗಾರರೇ ಕೇಳಿದ್ದರು.

ಇನ್ನೊಂದು ನೆರೆದೇಶ ಭೂತಾನ್ ಇದಕ್ಕೆ ಹೇಗೆ ದಾರಿ ಮಾಡಿಕೊಂಡಿತು? ಕುಳಿತು ಮಾತಾಡಿತು. 2022ರ ಸೆಪ್ಟೆಂಬರ್‌ನಲ್ಲಿ, ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ಬೆಲೆಯ ನಿಯಮವಿಲ್ಲದೆ ಬರಬಹುದು ಎಂದು ನಮ್ಮ ಸರ್ಕಾರ ಒಪ್ಪಿತು. ನಮ್ಮ ಬೆಳೆಗಾರರು ಇದನ್ನು ವಿರೋಧಿಸಿದರು. ಆದರೆ ಬಾಗಿಲಿಗೆ ಬಾಗಿಲು ಬಡಿಯುವ ಜಗಳ ಆಗಲಿಲ್ಲ.

ಬೇಲಿ ಬೇಕು. ಆದರೆ ಬೇಲಿ ಹಾಕುವಾಗ ಮೂರು ಮಾತು ಕೇಳಬೇಕು. ಯಾರಿಗೆ ಲಾಭ? ಯಾರಿಗೆ ನಷ್ಟ? ಮೊದಲೇ ತಿಳಿಸಿದ್ದಾರೆಯೇ? ದಿಢೀರನೆ ಬಿದ್ದ ಬೇಲಿಯಿಂದ ನೆರೆಯವರ ಒಲೆಯೂ ಆರುತ್ತದೆ, ನಮ್ಮ ಬೆಳೆಯೂ ಕೊಳೆಯುತ್ತದೆ.

ನಾವು ಏನು ಮಾಡಬಹುದು?

ಸುಂಕ ಹಾಕುವುದು, ತೆಗೆಯುವುದು ನಮ್ಮ ಕೈಯಲ್ಲಿ ಇಲ್ಲ. ಆದರೆ ಸುದ್ದಿ ತಿಳಿಯುವುದು ನಮ್ಮ ಕೈಯಲ್ಲಿದೆ. ಹೊರಗೆ ಹೋಗುವ ಬೆಳೆ ಹಾಕುವ ಮೊದಲು ರಫ್ತಿನ ನಿಯಮ ಏನಿದೆ ಎಂದು ತೋಟಗಾರಿಕೆ ಇಲಾಖೆಯಲ್ಲಿ ಕೇಳಿರಿ. ಇರುವ ಹೊಲಕ್ಕೆಲ್ಲ ಒಂದೇ ಬೆಳೆ ಹಾಕಬೇಡಿ. ಒಬ್ಬರೇ ಕೂಗಿದರೆ ಕೇಳುವುದಿಲ್ಲ; ಸಂಘದಲ್ಲಿ ಕೂಡಿ ಮನವಿ ಬರೆಯಿರಿ. ಗುಲಾಬಿ ಈರುಳ್ಳಿಗೆ ಸುಂಕ ಬಿಟ್ಟದ್ದೂ ಹಾಗೆ ಕೇಳಿದ್ದರಿಂದಲೇ.

ಆ ಸೆಪ್ಟೆಂಬರ್ ಕಳೆದ ಮೇಲೆ ಒಂದು ಸಂಜೆ, ಕಿವಿಯೋಲೆ ಅಡ ಇಟ್ಟ ಅಕ್ಕ ತಾವೇ ಪೇಪರ್ ಕೈಗೆ ತೆಗೆದುಕೊಂಡರು. ಸುಂಕ ಬಿಟ್ಟ ಸುದ್ದಿಯನ್ನು ಬೆರಳಿಟ್ಟು ನಿಧಾನ ಓದಿದರು. ಷರತ್ತಿನ ಸಾಲಿಗೆ ಬಂದಾಗ ನಿಂತರು.

"ಪತ್ರ ಬೇಕಂತೆ. ಈ ಸಲ ವ್ಯಾಪಾರಿ ಹೇಳಿದ್ದನ್ನೇ ನಂಬಿಕೊಂಡು ಕೂರಲ್ಲ ಟೀಚರಮ್ಮಾ. ಪತ್ರ ಆಗಿದೆಯಾ ಅಂತ ನಾನೇ ಕೇಳ್ತೀನಿ," ಎಂದರು.

ಹೊಸ ಪದಗಳು

ಆಮದು: ಹೊರದೇಶದಿಂದ ತರಿಸುವುದು
ರಫ್ತು: ಹೊರದೇಶಕ್ಕೆ ಕಳಿಸುವುದು
ವಿನಾಯಿತಿ: ಸುಂಕದಿಂದ ಬಿಡುವುದು
ಒಪ್ಪಂದ: ಇಬ್ಬರೂ ಒಪ್ಪಿ ಮಾಡಿಕೊಂಡ ಕರಾರು

ಉತ್ತರ ಹೇಳಿರಿ

1. ಸಂತೆಯ ಸುಂಕದ ಭಾರ ಯಾರ ಮೇಲೆ ಬೀಳುತ್ತದೆ?
2. ಈರುಳ್ಳಿ ನಿಂತಾಗ ಬಾಂಗ್ಲಾದೇಶ ಮಾಡಿದ ನಾಲ್ಕು ಕೆಲಸಗಳು ಯಾವುವು?
3. ಗುಲಾಬಿ ಈರುಳ್ಳಿಯನ್ನು ಇಲ್ಲೇ ಹಿಡಿದಿಟ್ಟರೆ ನಮ್ಮ ಪೇಟೆಯ ಬೆಲೆ ಏಕೆ ಇಳಿಯುವುದಿಲ್ಲ?

ಲೆಕ್ಕ ಮಾಡಿರಿ

ಈರುಳ್ಳಿ ಕಿಲೋಗೆ 30 ರೂಪಾಯಿ. ಸುಂಕ ಶೇಕಡಾ 20. ಸುಂಕ ಎಷ್ಟು? ಒಟ್ಟು ಎಷ್ಟಾಯಿತು?

ಕೂಡಿ ಮಾತಾಡಿರಿ

ನಿಮ್ಮ ಊರಿನ ಯಾವ ಬೆಳೆ ಹೊರದೇಶಕ್ಕೆ ಹೋಗುತ್ತದೆ? ಅದು ಒಂದು ದಿನ ನಿಂತರೆ ಯಾರ ಮನೆಗೆ ಮೊದಲು ಕಷ್ಟ ಬರುತ್ತದೆ?